ಹೊಳೆವ್ವನ ಬಿ.ಪಿ. ಮತ್ತು ಪುನ್ನಿಯ ಕಿಡ್ನಿ

ಹಳಿಯಾಳದ ಪೇಟೆಯಲ್ಲಿ ಹಿಂಡಿ-ಹೊಟ್ಟು ಮಾರುವ ಅಂಗಡಿ ದ್ಯಾಮಪ್ಪನದೊಂದೇ ಅಲ್ಲ, ಇನ್ನೂ ಮೂರಿವೆ. ಆದರೆ ಬಿ.ಪಿ. ಅಂತ ಒಂದನ್ನು ಮನೆಯಲ್ಲಿ ಸಾಕಿಕೊಂಡವಳು ಆ ಓಣಿಯಲ್ಲಿ ಅವನ ಹೆಂಡತಿ ಹೊಳೆವ್ವ ಒಬ್ಬಳೇ. ಬೇರೆಯವರಿಗೆ ಬಿ.ಪಿ. ಇರಲಿಲ್ಲವೆಂದಲ್ಲ. ಅವರದು ಬರೀ ರೋಗ. ಗುಳಿಗೆ ನುಂಗಿ ಸುಮ್ಮನಿರುತ್ತಿದ್ದರು. ಹೊಳೆವ್ವನದು ಅಧಿಕಾರ.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಆಕೆ ರಣಬಿಸಿಲಲ್ಲಿ ಪೇಟೆಯೆಲ್ಲ ಸುತ್ತಿ, ದಾರಿಯಲ್ಲಿ ಇಬ್ಬರೊಡನೆ ಜಗಳ ತೆಗೆದು, ದವಾಖಾನೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುಳಿತಿದ್ದಳು. ಮುದಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಸ್ವಲ್ಪ ಏರಿದಂತಿದೆ ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರಂತೆ. ಆ ಡಾಕ್ಟರು ತೀರಿಕೊಂಡು ಆರು ವರ್ಷವಾಯಿತು. ಅವರ ಮಾತು ಮಾತ್ರ ಈ ಮನೆಯಲ್ಲಿ ಮೂರು ಹೊತ್ತು ಉಂಡು ಗಟ್ಟಿಮುಟ್ಟಾಗಿ ಬೆಳೆದಿತ್ತು.

ಸೊಸೆ ನಿರ್ಮಲಾ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಿಂದ ಈ ಮನೆಗೆ ಬಂದು ಹನ್ನೊಂದು ವರ್ಷ. ಬಂದ ವಾರದಲ್ಲೇ ಅವಳು ಮನೆಯ ಕಾನೂನು ಕಲಿತಳು. ಸಾರಿಗೆ ಬೆಲ್ಲ ಕಡಿಮೆಯಾದರೆ ಅತ್ತೆಗೆ ಬಿ.ಪಿ. ಏರುತ್ತದೆ. ಸೊಸೆ ತವರಿಗೆ ಹೋಗುತ್ತೇನೆಂದರೆ ಇನ್ನೂ ಏರುತ್ತದೆ. ಧಾರಾವಾಹಿ ನಡೆಯುವಾಗ ಕರೆಂಟು ಹೋದರೆ ಮುಗಿದೇ ಹೋಯಿತು, ಆಗ ಹಳಿಯಾಳದ ನೆಲವೇ ನಡುಗುತ್ತದೆ. ಹೊಳೆವ್ವ "ಏರ್ತು" ಎಂದು ಪಡಸಾಲೆಯಲ್ಲಿ ಮಲಗಿಬಿಟ್ಟರೆ ಮಗ ಈರೇಶ ಫ್ಯಾನು ಜೋರು ಮಾಡಬೇಕು, ಗಂಡ ದ್ಯಾಮಪ್ಪ ಮಜ್ಜಿಗೆ ತರಬೇಕು, ಮೊಮ್ಮಗಳು ಪುನ್ನಿ ಒದ್ದೆ ಅರಿವೆ ಹಣೆಗಿಡಬೇಕು, ನಿರ್ಮಲಾ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನಬೇಕು. ಏನು ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಅರ್ಧ ತಾಸಿಗೆ ಅಡುಗೆಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬಂದರೆ ಬಿ.ಪಿ. ತಾನೇ ಇಳಿದು ಎದ್ದು ಕೂರುತ್ತಿತ್ತು.

ಅತ್ತೆಗೆ ಉಪ್ಪು ಕೂಡದು ಎಂದು ಹನ್ನೊಂದು ವರ್ಷದಿಂದ ನಿರ್ಮಲಾ ಎರಡು ಪಾತ್ರೆಯಲ್ಲಿ ಸಾರು ಮಾಡುತ್ತಿದ್ದಳು. ಆ ಸಪ್ಪೆ ಸಾರಿಗೆ ಹೊಳೆವ್ವ ಅಂಗೈಯಷ್ಟು ಮಾವಿನ ಉಪ್ಪಿನಕಾಯಿ, ನಾಲ್ಕು ಹಪ್ಪಳ ಹಚ್ಚಿಕೊಂಡು ಉಣ್ಣುತ್ತಿದ್ದಳು.

ಕಬ್ಬಿನ ಹಂಗಾಮು ಶುರುವಾಗಿ, ಕಾರ್ಖಾನೆ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ದೆಹಲಿಯ ತನಕ ಸಾಲು ಹಚ್ಚಿದಂತೆ ನಿಂತಿದ್ದ ವಾರ, ಪುನ್ನಿಯ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ಪುನ್ನಿ ಅಂದರೆ ಪೂರ್ಣಿಮಾ, ಒಂಬತ್ತು ವರ್ಷ, ನಾಲ್ಕನೇ ಇಯತ್ತೆ. ಮೂರು ತಿಂಗಳಿಂದ ತಲೆನೋವು ಅನ್ನುತ್ತಿತ್ತು ಕೂಸು. ಒಮ್ಮೊಮ್ಮೆ ಮೂಗಿನಿಂದ ರಕ್ತ. ಮೊಬೈಲ್ ನೋಡಿ ನೋಡಿ ಹೀಗಾಗಿದೆ ಎಂದು ದ್ಯಾಮಪ್ಪನ ತೀರ್ಪು. ನಿದ್ದೆ ಸಾಲದು ಎಂದು ಈರೇಶನದು. ಸನವಳ್ಳಿಯವರ ರಕ್ತವೇ ತೆಳು ಎಂದು ಹೊಳೆವ್ವನದು.

ತಪಾಸಣೆಗೆ ಬಂದ ಹುಡುಗಿ ಡಾಕ್ಟರು ಪುನ್ನಿಯ ಕಡ್ಡಿ ತೋಳಿಗೆ ಮಕ್ಕಳ ಸಣ್ಣ ಪಟ್ಟಿ ಸುತ್ತಿ ಮೂರು ಸಲ ನೋಡಿ, ಮೂರು ಸಲವೂ ಹುಬ್ಬು ಗಂಟಿಕ್ಕಿ, ತಾಲ್ಲೂಕಾ ದವಾಖಾನೆಗೆ ಚೀಟಿ ಬರೆದುಕೊಟ್ಟಳು. ಅಲ್ಲಿಯ ಮಕ್ಕಳ ಡಾಕ್ಟರಮ್ಮ ಮತ್ತೆ ನೋಡಿದರು. ನೂರಾ ಐವತ್ತೆಂಟು, ಕೆಳಗೆ ನೂರಾ ನಾಲ್ಕು. ಮನೆಯಲ್ಲಿ ಯಾರಿಗಾದರೂ ಬಿ.ಪಿ. ಇದೆಯೇ ಎಂದು ಕೇಳಿದರು.

ಜನ್ಮದಲ್ಲಿ ಬಾಯಿ ಬಿಡದ ಈರೇಶ ಎದೆ ಸೆಟೆದು ಕುಳಿತ. "ನಮ್ಮವ್ವಗ ಐತ್ರಿ. ಹನ್ನೆರಡ ವರ್ಷ ಆತು. ಭಾಳ ದೊಡ್ಡ ಬಿ.ಪಿ. ಐತ್ರಿ ಆಕಿದು."

ಡಾಕ್ಟರಮ್ಮ ಅದನ್ನು ಕಾಗದದ ಮೇಲೆ ಬರೆದುಕೊಂಡರು. ಆಮೇಲೆ ನಿಧಾನಕ್ಕೆ ತಿಳಿಸಿ ಹೇಳಿದರು. ಇಷ್ಟು ಸಣ್ಣ ಮಕ್ಕಳಿಗೆ ಬಿ.ಪಿ. ಸುಮ್ಮನೆ ಬರುವುದಿಲ್ಲ, ಬಹಳ ಸಲ ಅದರ ಹಿಂದೆ ಕಿಡ್ನಿ ಇರುತ್ತದೆ. ಕಿಡ್ನಿಗೆ ರಕ್ತ ಒಯ್ಯುವ ನಾಳ ಸಣ್ಣದಾಗಿರಬಹುದು. ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನು ಇದೆ. ಸೂಜಿ ಇಲ್ಲ, ಕೊಯ್ಯುವುದಿಲ್ಲ, ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಮೇಲಿಂದಲೇ ನೋಡುತ್ತಾರೆ. ಅದನ್ನು ಮಾಡುವ ಡಾಕ್ಟರು ದಾಂಡೇಲಿಗೆ ಹದಿನೈದು ದಿನಕ್ಕೊಮ್ಮೆ ಗುರುವಾರ ಬರುತ್ತಾರೆ. ಹಿಂದಿನ ರಾತ್ರಿ ಉಂಡ ಮೇಲೆ ಮಗುವಿನ ಹೊಟ್ಟೆಗೆ ಏನೂ ಹೋಗಬಾರದು, ಹಾಲೂ ಕೂಡದು. ಕರುಳಲ್ಲಿ ಗಾಳಿ ತುಂಬಿದರೆ ಅದರ ಹಿಂದಿನ ಕಿಡ್ನಿ ಕಾಣುವುದಿಲ್ಲ. ಅಲ್ಲಿಯತನಕ ದಿನಕ್ಕೆ ಅರ್ಧ ಗುಳಿಗೆ, ಉಪ್ಪು ಕಡಿಮೆ. ಮನೆಗೊಂದು ಮಷಿನು ತಂದು ಎರಡೂ ಹೊತ್ತು ನೋಡಿ ಬರೆದಿಡಿ. ತಡ ಮಾಡಿದರೆ ಕಿಡ್ನಿಯೂ ಹೋಗಬಹುದು, ಬಿ.ಪಿ. ತಲೆಗೂ ಏರಬಹುದು.

ಆ ಕೊನೆಯ ಮಾತು ನಿರ್ಮಲಾಳ ಜೊತೆ ಮನೆಗೆ ಬಂತು. ಈರೇಶನ ಜೊತೆ ಬರಲಿಲ್ಲ. ಅವನು ದಾರಿಯಲ್ಲೇ, ಕಬ್ಬಿನ ಸಾಲಿನಲ್ಲಿ ನಿಂತಿದ್ದ ತನ್ನ ಟ್ರ್ಯಾಕ್ಟರಿನ ಟೈರು ನೋಡಲು ಇಳಿದುಕೊಂಡ.

ಊಟಕ್ಕೆ ಕುಳಿತಾಗ ಸುದ್ದಿ ಕೇಳಿ ಹೊಳೆವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಆಕೆಯ ಹೊಸ ಇಳಕಲ್ ಸೀರೆಯನ್ನು ಯಾರೋ ಕೇಳದೆ ಉಟ್ಟುಕೊಂಡು ಬಂದಂತಿತ್ತು ಆಕೆಯ ಮುಖ.

"ಒಂಬತ್ತ ವರ್ಷದ ಕೂಸಿಗೆ ಬಿ.ಪಿ.? ನಾಳೆ ಬೆಕ್ಕಿಗೂ ಬಂತು ಅಂತೀರಿ. ಬಿ.ಪಿ. ಬರಾಕ ಸಂಸಾರ ಮಾಡಿರಬೇಕು, ಸೊಸಿ ಕಾಟ ಉಂಡಿರಬೇಕು. ಇಕಿ ಏನ ಉಂಡಾಳ?"

ದ್ಯಾಮಪ್ಪ ಹಿಂಡಿಯ ಮೂಟೆಯನ್ನು ಕಣ್ಣಲ್ಲೇ ನೋಡಿ ಗ್ರಾಮಿನ ಲೆಕ್ಕಕ್ಕೆ ತೂಕ ಹೇಳುವವನು. ಮನೆಯ ವಿಷಯದಲ್ಲಿ ಮಾತ್ರ ಅವನ ತಕ್ಕಡಿಗೆ ಹೆಂಡತಿ ಕುಳಿತ ಕಡೆಯೇ ಭಾರ. ಅವನು ಹೂಂ ಎಂದ.

ಭಾನುವಾರ ಮಷಿನು ಬಂತು. ದೊಡ್ಡವರ ಪಟ್ಟಿ ಒಂದು, ಮಕ್ಕಳ ಪಟ್ಟಿ ಒಂದು. ಪುನ್ನಿಗಾಗಿ ತಂದದ್ದಾದರೂ ಮೊದಲ ಮರ್ಯಾದೆ ಹೊಳೆವ್ವನದು. ಆಕೆ ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಧರಿಸಿ, ಒಳ್ಳೆ ಸೀರೆ ಉಟ್ಟು, ಸತ್ಕಾರಕ್ಕೆ ಬಂದವರ ಹಾಗೆ ಕುರ್ಚಿಯ ಮೇಲೆ ಕುಳಿತಳು. ನೋಡಲು ಪಕ್ಕದ ಮನೆಯ ಗುರುಸಿದ್ದವ್ವನನ್ನೂ ಕರೆಸಿದ್ದಾಯಿತು. ಮಷಿನು ಗುಂಯ್ ಎಂದು ಗಾಳಿ ತುಂಬಿ, ಉಸ್ಸೆಂದು ಬಿಟ್ಟು ನಿಂತಿತು.

"ಎಷ್ಟ ಬಂತು?" ಹೊಳೆವ್ವ ಕೇಳಿದಳು.

"ನೂರಾ ಹದಿನೆಂಟರಿ, ಅತ್ಯಾರ."

"ಅದು ಕೆಳಗಿಂದು. ಮ್ಯಾಲಿಂದು ಹೇಳು."

"ಮ್ಯಾಲಿಂದ ಅದರಿ. ಕೆಳಗಿಂದು ಎಪ್ಪತ್ತಾರು."

"ಇನ್ನೊಮ್ಮೆ ಹಚ್ಚು."

ಎರಡನೆಯ ಸಲ ನೂರಾ ಹದಿನಾರು. ಎಡಗೈಗೆ ಹಚ್ಚಿದರೆ ನೂರಾ ಹದಿನೇಳು. ಇಪ್ಪತ್ತು ವರ್ಷದ ಪೈಲ್ವಾನನಿಗೂ ಅಷ್ಟು ಚೊಕ್ಕ ಬಿ.ಪಿ. ಇರಲಿಕ್ಕಿಲ್ಲ. ದ್ಯಾಮಪ್ಪ ಕೆಮ್ಮಿದ. ಗುರುಸಿದ್ದವ್ವ ಸೆರಗು ಬಾಯಿಗೆ ಹಿಡಿದು ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಈರೇಶ ಟೈರು ನೋಡಿ ಬರುತ್ತೇನೆಂದು ಎದ್ದ.

ನಿರ್ಮಲಾ ಸಣ್ಣ ಪಟ್ಟಿ ಜೋಡಿಸಿ ಪುನ್ನಿಯ ತೋಳಿಗೆ ಸುತ್ತಿದಳು. ನೂರಾ ಐವತ್ತನಾಲ್ಕು, ನೂರಾ ಎರಡು.

ಹೊಳೆವ್ವ ಅಷ್ಟರಲ್ಲಿ ದಾರಿ ಕಂಡುಕೊಂಡಿದ್ದಳು. ಮಷಿನು ಕೆಟ್ಟಿದೆ ಎಂದಳು. ಹನ್ನೆರಡು ವರ್ಷದ ಬಿ.ಪಿ.ಯೇ ಕಾಣದ ಮಷಿನಿಗೆ ಕೂಸಿನಲ್ಲಿ ಇಲ್ಲದ ಬಿ.ಪಿ. ಕಾಣುತ್ತದೆ ಅಂದರೆ ಏನರ್ಥ? ತಕ್ಕಡಿ ಒಬ್ಬರಿಗೆ ಕಡಿಮೆ ತೂಗಿದರೆ ಇನ್ನೊಬ್ಬರಿಗೆ ಹೆಚ್ಚು ತೂಗುತ್ತದೆ ಎಂದು ದ್ಯಾಮಪ್ಪ ವ್ಯಾಪಾರದ ಅನುಭವದಿಂದ ಸೇರಿಸಿದ. ಗುರುಸಿದ್ದವ್ವ, ಈಗಿನ ಮಾಲೇ ಹೀಗೆ ಎಂದಳು. ಮೂರು ಜನರ ಪಂಚಾಯ್ತಿ ಮುಗಿಯಿತು. ಅಜ್ಜಿಗೆ ಬಿ.ಪಿ. ಇದೆ, ಆದ್ದರಿಂದ ಮಷಿನು ಸುಳ್ಳು. ಮಷಿನು ಸುಳ್ಳು, ಆದ್ದರಿಂದ ಮೊಮ್ಮಗಳಿಗೆ ಬಿ.ಪಿ. ಇಲ್ಲ, ಇಲ್ಲದ್ದಕ್ಕೆ ದಾಂಡೇಲಿಗೆ ಯಾಕೆ ಹೋಗಬೇಕು? ವಕೀಲರೂ ಇಷ್ಟು ಚೆಂದ ಗಂಟು ಹಾಕಲಾರರು.

ಮಂಗಳವಾರ ಕಾಯಿಪಲ್ಲೆ ತರುವ ನೆಪದಲ್ಲಿ ನಿರ್ಮಲಾ ಮಷಿನನ್ನು ಚೀಲದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದಳು. ನರ್ಸು ತನ್ನದರಲ್ಲೊಮ್ಮೆ ಇದರಲ್ಲೊಮ್ಮೆ ನೋಡಿ, ಎರಡೂ ಒಂದೇ ತೋರಿಸುತ್ತಿವೆ ಎಂದಳು. ಅದನ್ನು ಮನೆಯಲ್ಲಿ ಹೇಳಿದರೆ ಹೊಳೆವ್ವ ಹಪ್ಪಳ ಮುರಿಯುತ್ತ, ದವಾಖಾನೆಯದೂ ಅದೇ ಕಂಪನಿಯದಿರಬೇಕು ಎಂದು ಒಂದೇ ಮಾತಲ್ಲಿ ಮುಗಿಸಿದಳು.

ನಿರ್ಮಲಾ ಗಂಡನನ್ನು ಟ್ರ್ಯಾಕ್ಟರಿನ ಹತ್ತಿರವೇ ಹೋಗಿ ಹಿಡಿದಳು. "ಒಂದ ಮಾತ ಹೇಳ್ರಿ. ಮಷಿನು ಖರೇನೋ ಸುಳ್ಳೋ?"

ಈರೇಶ ಚಕ್ರದ ಮಣ್ಣು ಕೆರೆದ. "ಖರೇ ಅಂತ ಅಂದ್ರ... ಅವ್ವ..."

"ಅವ್ವ ಏನು? ಪೂರ್ತಿ ಮಾಡ್ರಿ."

"ಈ ಟೈರಿಗೆ ಗಾಳಿ ಕಮ್ಮಿ ಆಗೇತಿ ನೋಡು."

ಆ ಮಾತು ಪೂರ್ತಿ ಮಾಡಲು ಅವನಿಗೆ ಇನ್ನೂ ಏಳು ಜನ್ಮ ಬೇಕಿತ್ತು. ಆದರೂ ಗುರುವಾರ ದಾಂಡೇಲಿಗೆ ಬರಲು ಒಪ್ಪಿದ. ಹೆಂಡತಿ, ನೀವು ಬರದಿದ್ದರೆ ಕೂಸನ್ನು ಕರೆದುಕೊಂಡು ಸನವಳ್ಳಿಗೆ ಹೋಗುತ್ತೇನೆ ಎಂದಿದ್ದಳು, ಮತ್ತು ಅಡುಗೆ ಮಾಡಲು ಈ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಬುಧವಾರ ರಾತ್ರಿಯೇ ನಿರ್ಮಲಾ ಎಲ್ಲರಿಗೂ ಹೇಳಿದ್ದಳು: ನಾಳೆ ಪುನ್ನಿ ಉಪವಾಸ, ಏನೂ ತಿನ್ನಿಸಬೇಡಿ. ಬೆಳಿಗ್ಗೆ ಅವಳು ಬುತ್ತಿ ಕಟ್ಟುತ್ತಿರುವಾಗ ಹೊಳೆವ್ವ ಮೊಮ್ಮಗಳನ್ನು ದೇವರ ಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ವಿಭೂತಿ ಹಚ್ಚುತ್ತಿರಬೇಕು ಎಂದುಕೊಂಡಳು ನಿರ್ಮಲಾ. ಹನ್ನೊಂದು ವರ್ಷ ಸೊಸೆಯಾಗಿದ್ದೂ ಹಾಗೆ ಅಂದುಕೊಂಡಳೆಂದರೆ ಅವಳ ಬುದ್ಧಿಗೂ ಒಂದು ನಮಸ್ಕಾರ.

ದಾಂಡೇಲಿ ಬಸ್ಸಿನ ತುಂಬ ಬೆಳಗಾವಿ ಕಡೆಯ ಹುಡುಗರು. ರಬ್ಬರ್ ದೋಣಿಯಿಂದ ಕಾಳಿ ಹೊಳೆಗೆ ಬೀಳಲು ರೊಕ್ಕ ಕೊಟ್ಟು ಹೊರಟವರು. ನಿರ್ಮಲಾಳ ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕುಳಿತ ಪುನ್ನಿ ಕಿಟಕಿಗೆ ಹಣೆ ಹಚ್ಚಿ ಏನೋ ಮೆಲ್ಲುತ್ತಿದ್ದಳು. ಸ್ಕ್ಯಾನಿನ ಕೋಣೆ ಕತ್ತಲೆ. ಡಾಕ್ಟರು ಜೆಲ್ಲಿ ಹಚ್ಚಿ, ಸಾಬೂನಿನ ಗಾತ್ರದ ಒಂದು ಸಾಧನವನ್ನು ಹೊಟ್ಟೆಯ ಮೇಲೆ ಒತ್ತಿ, ಸರಿಸಿ, ಮಗ್ಗಲು ಬದಲಿಸಿ ನೋಡಿದರು. ಪರದೆಯ ತುಂಬ ಬಿಳಿ ಹೊಗೆ. ಹೊಟ್ಟೆಯಲ್ಲಿ ಬರೀ ಗಾಳಿಯಿದೆ, ಮಗು ಏನು ತಿಂದಿದೆ ಎಂದು ಕೇಳಿದರು. ನಿರ್ಮಲಾ ಏನೂ ಇಲ್ಲ ಎಂದಳು.

"ಆಯಿ ಫಳಾರ ಕೊಟ್ಟಾಳ," ಅಜ್ಜಿಯನ್ನು ಆಯಿ ಎನ್ನುತ್ತಿದ್ದ ಪುನ್ನಿ ಮಲಗಿದಲ್ಲಿಂದಲೇ ಹೇಳಿತು. "ಸಾಬೂದಾನಿ ಖಿಚಡಿ, ಎರಡ ಬಾಳಿಹಣ್ಣು, ಸುಟ್ಟ ಗೆಣಸು, ಒಂದ ವಾಟಗಾ ಹಾಲು."

"ಅಷ್ಟ ಏನವಾ?" ಡಾಕ್ಟರು ಕೇಳಿದರು.

"ಶೇಂಗಾ ಉಂಡಿ ಎರಡು. ಅವನ್ನ ಬಸ್ಸಿನ್ಯಾಗ ತಿಂದೆ."

ಡಾಕ್ಟರು ಸಾಧನ ಒರೆಸಿ ಇಟ್ಟು, ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಮನೆಗೆ ಬಂದು ನಿರ್ಮಲಾ ಕೇಳಿದಾಗ ಹೊಳೆವ್ವನಿಗೆ ಎಳ್ಳಷ್ಟೂ ಅಳುಕಿಲ್ಲ. ತಾನು ಏನನ್ನೂ ತಿನ್ನಿಸಿಲ್ಲ, ಒಂದು ಅನ್ನದ ಅಗುಳು, ಒಂದು ರೊಟ್ಟಿಯ ಚೂರು ಮುಟ್ಟಿಸಿದ್ದರೆ ಕೇಳು. ಫಳಾರ ಯಾವತ್ತಾದರೂ ಊಟದ ಲೆಕ್ಕಕ್ಕೆ ಬಂದದ್ದುಂಟೇ? ನಲವತ್ತು ವರ್ಷದಿಂದ ಸೋಮವಾರದ ಉಪವಾಸ ಮಾಡಿದವಳಿಗೆ ಉಪವಾಸ ಕಲಿಸಲು ಬರಬೇಡ ಎಂದಳು. ಅದು ಖರೆ. ಸೋಮವಾರ ಸೋಮವಾರ ಉಪವಾಸ ಮಾಡಿ ಮಾಡಿಯೇ ಹೊಳೆವ್ವ ಎಂಬತ್ತು ಕಿಲೋ ಮುಟ್ಟಿದ್ದಳು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹೋಗಿತ್ತು. ದಾಂಡೇಲಿಯ ಅಷ್ಟು ದೊಡ್ಡ ಮಷಿನಿನಲ್ಲೂ ಏನೂ ಕಾಣಲಿಲ್ಲವಂತೆ. ಹೊಳೆವ್ವ ಸುಳ್ಳು ಹೇಳಿರಲಿಲ್ಲ. ಏನೂ ಕಾಣಲಿಲ್ಲ ನೋಡಿ. ಗುರುಸಿದ್ದವ್ವ ಬಂದು, ದೇವರು ದೊಡ್ಡವನು ಎಂದು ಪುನ್ನಿಯ ಕೈಗೆ ಚಕ್ಕುಲಿ ಕೊಟ್ಟು ಹೋದಳು.

ಆ ಹದಿನೈದು ದಿನ ನಿರ್ಮಲಾ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಸಪ್ಪೆ ಸಾರಿನ ಪಾತ್ರೆಯಿಂದಲೇ ಪುನ್ನಿಗೂ ಬಡಿಸಿದಳು. ಎರಡೂ ಹೊತ್ತು ಪಟ್ಟಿ ಸುತ್ತಿ ಹಳೆಯ ಕಾಪಿ ವಹಿಯ ಹಿಂದಿನ ಹಾಳೆಯಲ್ಲಿ ಬರೆದಳು. ಗುಳಿಗೆ ನುಂಗಿಯೂ ಅದು ನೂರಾ ನಲವತ್ತೆಂಟಕ್ಕಿಂತ ಕೆಳಗೆ ಬರಲಿಲ್ಲ. ತಲೆನೋವು ವಾರಕ್ಕೆರಡು ಇದ್ದದ್ದು ದಿನಾ ಆಯಿತು. ಪುನ್ನಿ ಪಾಠದ ನಡುವೆ ಬೆಂಚಿಗೆ ತಲೆಯಿಟ್ಟು ಮಲಗುತ್ತಾಳೆ, ಹಲಗೆಯ ಅಕ್ಷರ ಮಂಜು ಎನ್ನುತ್ತಾಳೆ ಎಂದು ಟೀಚರು ಹೇಳಿ ಕಳಿಸಿದರು. ಹೊಳೆವ್ವ ಅದಕ್ಕೂ ಅರ್ಥ ಹೇಳಿದಳು: ಮಗ್ಗಿ ಬರದ ಹುಡುಗರಿಗೆಲ್ಲ ಹಲಗೆ ಮಂಜಾಗಿಯೇ ಕಾಣುತ್ತದೆ.

ಎರಡನೆಯ ಗುರುವಾರದ ಹಿಂದಿನ ಮಧ್ಯಾಹ್ನ, ಹೊಳೆವ್ವ ಮೊಮ್ಮಗಳಿಗೆಂದು ಸಾಬೂದಾನಿ ನೆನೆಯಿಟ್ಟಿದ್ದನ್ನು ನಿರ್ಮಲಾ ಕಂಡಳು. ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಿನ ಎಮ್ಮೆಯ ಮುಂದೆ ಸುರಿದು ಬಂದಳು. ಅಂಗಡಿಯಿಂದ ಗಂಡಸರಿಬ್ಬರೂ ಊಟಕ್ಕೆ ಬಂದಿದ್ದರು. ಅವರೆದುರೇ ಹೇಳಿದಳು.

"ಇವತ್ತ ರಾತ್ರಿ ಉಂಡ ಮ್ಯಾಲೆ, ನಾಳೆ ಸ್ಕ್ಯಾನ್ ಆಗೂತನಕ ಪುನ್ನಿ ಹೊಟ್ಟಿಗೆ ಏನೂ ಹೋಗೂದಿಲ್ಲ. ಊಟನೂ ಇಲ್ಲ, ಫಳಾರನೂ ಇಲ್ಲ. ಕೊಟ್ಟವರ ಕೈ ಹಿಡದ ತಡಿತೇನಿ, ಯಾರದ ಇದ್ರೂ."

ಈ ಮನೆಯಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಹೊಳೆವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸುತ್ತ ನೋಡಿ, ಚಾಪೆ ಇದ್ದ ಕಡೆಗೆ ಎರಡು ಹೆಜ್ಜೆ ಸರಿದು, ಮೆಲ್ಲಗೆ ಮಲಗಿದಳು. "ಏರ್ತು," ಎಂದಳು. "ಈ ಸಲ ಇಳಿಯಂಗಿಲ್ಲ. ನನ್ನ ಒಯ್ದ ಹೋಗತೈತಿ."

ಹನ್ನೆರಡು ವರ್ಷದ ಅಭ್ಯಾಸ. ಈರೇಶ ಫ್ಯಾನಿಗೆ ಓಡಿದ, ದ್ಯಾಮಪ್ಪ ಮಜ್ಜಿಗೆಗೆ. ತಲೆನೋವೆಂದು ಅಂದು ಶಾಲೆಗೆ ಹೋಗದಿದ್ದ ಪುನ್ನಿಯೂ ಬಚ್ಚಲಿಗೆ ಓಡಿ ಅರಿವೆ ಒದ್ದೆ ಮಾಡಿಕೊಂಡು ಓಡಿಬಂತು. ನಿರ್ಮಲಾ ಮಾತ್ರ ಬಾಗಿಲಿಗೆ ಹೋಗಲಿಲ್ಲ, ಒಲೆಯ ಮುಂದೆಯೇ ನಿಂತಳು.

ಹೊಳೆವ್ವ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಮೊಮ್ಮಗಳು ತನ್ನ ಮೇಲೆ ಬಾಗಿದ್ದು ತಿಳಿಯಿತು. ಹಣೆಯ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಅರಿವೆಯ ನೀರು ಬೆಚ್ಚಗೆ ಯಾಕಿದೆ ಎಂದು ಬೈಯಲು ಕಣ್ಣು ಬಿಟ್ಟಳು. ಪುನ್ನಿಯ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಒಂದೇ ಸಮನೆ ಇಳಿದು ಅಜ್ಜಿಯ ಹಣೆಯ ವಿಭೂತಿಯ ಮೇಲೆ, ಮೂಗಿನ ಮೇಲೆ, ಕುಪ್ಪಸದ ಮೇಲೆ ಬೀಳುತ್ತಿತ್ತು. ಕೂಸಿಗೆ ಅದರ ಕಡೆ ಲಕ್ಷ್ಯವಿಲ್ಲ. ಎರಡೂ ಕೈಯಲ್ಲಿ ಅರಿವೆ ಹಿಡಿದು, "ಆಯಿ, ತಲಿ ಭಾಳ ನೋಯಾಕತ್ತೇತಿ, ಕಣ್ಣ ಕಾಣವಲ್ದು," ಎಂದು ಅಲ್ಲೇ ಕುಸಿದು ಕುಳಿತಿತು.

ಬಿ.ಪಿ. ಒಯ್ದುಬಿಡಬೇಕಿದ್ದ ಹೊಳೆವ್ವ ಹದಿನೆಂಟರ ಹುಡುಗಿಯಂತೆ ಎದ್ದಳು. ಪುನ್ನಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಮೂಗು ಒತ್ತಿ ಹಿಡಿದಳು. ನಿರ್ಮಲಾ ಮಷಿನು ತಂದಳು. ನೂರಾ ಅರವತ್ತೆಂಟು, ನೂರಾ ಹನ್ನೆರಡು. ಅದನ್ನು ಗಟ್ಟಿಯಾಗಿ ಓದಿ, ಪಟ್ಟಿ ಬದಲಿಸಿ, ಒಂದು ಮಾತನ್ನೂ ಆಡದೆ ಅತ್ತೆಯ ತೋಳಿಗೆ ಸುತ್ತಿದಳು. ಹೊಳೆವ್ವ ಕೈ ಎಳೆದುಕೊಳ್ಳಲಿಲ್ಲ. ಎರಡೂ ಕೈ ಕೂಸಿನಲ್ಲಿ ಸಿಕ್ಕಿದ್ದವು. ನೂರಾ ಇಪ್ಪತ್ತಾರು, ಎಂಬತ್ತು. ಅದನ್ನೂ ಅಷ್ಟೇ ಗಟ್ಟಿಯಾಗಿ ಓದಿದಳು.

ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದ ದ್ಯಾಮಪ್ಪ, ಯಾರಿಗೆ ಕೊಡಬೇಕೆಂದು ತಿಳಿಯದೆ ತಾನೇ ಕುಡಿದ.

ಆಟೋದಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರಮ್ಮ ಸಂಜೆಯತನಕ ಮಲಗಿಸಿ, ಔಷಧ ಕೊಟ್ಟು ಇಳಿಸಿ, ನಾಳೆಯ ಸ್ಕ್ಯಾನು ತಪ್ಪಿದರೆ ತಾನು ಜವಾಬ್ದಾರಳಲ್ಲ ಎಂದು ಹೇಳಿ ಕಳಿಸಿದರು. ಹೊಳೆವ್ವ ಹಣೆ ತೊಳೆದುಕೊಂಡಳು, ಸೀರೆ ಬದಲಿಸಿದಳು, ನಾಳೆ ತಾನೂ ಬರುತ್ತೇನೆ ಎಂದಳು. ಬೇಡ ಎನ್ನಲು ನಿರ್ಮಲಾಳ ಬಾಯಿಗೆ ಬಂದಿತ್ತು, ಆದರೆ ಅನ್ನಲಿಲ್ಲ.

ಗುರುವಾರ ಬೆಳಿಗ್ಗೆ ಹೊಳೆವ್ವ ಮೊಮ್ಮಗಳಿಗೆ ಕಾವಲು ನಿಂತ ರೀತಿಗೆ ಗೋವಾ ಹಾದಿಯ ಅಣಮೋಡದ ಗಡಿನಾಕೆಯ ಪೊಲೀಸರೂ ನಾಚಬೇಕು. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನನ್ನು ಹತ್ತು ಮಾರು ದೂರದಿಂದಲೇ ಬೈದು ಅಟ್ಟಿದಳು. ಬಸ್ಸಿನಲ್ಲಿ ಪಾಪ ಯಾರೋ ಹೆಂಗಸು ಕೂಸಿಗೆ ಬಿಸ್ಕೀಟು ಚಾಚಿದರೆ ಆಕೆಯ ವಂಶವನ್ನೇ ವಿಚಾರಿಸಿದಳು. ತಾನೂ ಒಂದು ಹನಿ ಚಹಾ ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಅದು ಆಕೆಯ ಮೊದಲ ಖರೆ ಉಪವಾಸ. ಹನ್ನೊಂದು ಗಂಟೆಯ ಹೊತ್ತಿಗೆ ಮುಖ ಬಾಡಿದ ಬದನೆಕಾಯಿಯ ಹಾಗೆ ಆಗಿತ್ತು.

ಸ್ಕ್ಯಾನಿನ ಡಾಕ್ಟರು ತಾಲ್ಲೂಕಿನ ಕಾಗದ ಓದಿದರು. ಹೊಟ್ಟೆ ಖಾಲಿ ಇದೆಯೇ ಎಂದರು, ಇದೆ ಎಂದು, ಅಂಗಡಿಗೆ ಬೀಗ ಹಾಕಿ ಬಂದಿದ್ದ ದ್ಯಾಮಪ್ಪನೂ ಸೇರಿ, ನಾಲ್ಕೂ ಜನ ಒಟ್ಟಿಗೆ ಹೇಳಿದರು. ಡಾಕ್ಟರು ಪುನ್ನಿಯನ್ನು ಮಲಗಿಸಿ ಜೆಲ್ಲಿ ಹಚ್ಚಿ, ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಅಜ್ಜಿಗೆ ಬಿ.ಪಿ. ಐತಿ ಅಂತ ಬರದಾರ. ಎಷ್ಟ ಇರತೈತ್ರಿ? ಮನೆತನದಾಗ ಇದ್ರ ನಾವ ನೋಡೂ ಲೆಕ್ಕ ಬ್ಯಾರೆ ಆಗತೈತಿ."

ಈರೇಶ ನೆಲ ನೋಡಿದ, ಅಲ್ಲಿ ಟೈರುಗಳಿರಲಿಲ್ಲ. ದ್ಯಾಮಪ್ಪ ಟೋಪಿ ಸರಿಮಾಡಿಕೊಂಡ. ನಿರ್ಮಲಾ ಅತ್ತೆಯನ್ನೇ ನೋಡುತ್ತ ನಿಂತಳು. ಹೇಳಲು ತನಗೆ ಬರುತ್ತಿತ್ತು, ಎರಡು ಸಂಖ್ಯೆಗಳೂ ಬಾಯಿಪಾಠ ಇದ್ದವು. ಹೇಳಲಿಲ್ಲ. ಈ ಒಂದು ಮಾತು ಆ ಬಾಯಿಂದಲೇ ಬರಬೇಕಿತ್ತು.

ಹೊಳೆವ್ವ ಮೊಮ್ಮಗಳ ಖಾಲಿ ಹೊಟ್ಟೆಯ ಮೇಲೆ ಹಚ್ಚಿದ್ದ ಜೆಲ್ಲಿ ನೋಡಿದಳು.

"ಆ ಸಾಲ ಹೊಡದ ಹಾಕ್ರಿ," ಎಂದಳು.

ಡಾಕ್ಟರು ತಲೆ ಎತ್ತಿದರು. "ಅಂದ್ರ ಅಜ್ಜಿಗೆ ಬಿ.ಪಿ. ಇಲ್ಲೇನ್ರಿ?"

"ಇಲ್ಲ. ಯಾವತ್ತೂ ಇಲ್ಲ." ಆಮೇಲೆ ಹಾಗೆ ಬರಿಗೈಯಲ್ಲಿ ನಿಲ್ಲಲಾರದೆ ಮಗನ ಕಡೆ ಬೆರಳು ಮಾಡಿದಳು. "ಇವಗ ಏನ ತಿಳಿತೈತಿ? ಸುಮ್ಮ ಬರಸ್ಯಾನ."

ಡಾಕ್ಟರು ಪೆನ್ನಿನಿಂದ ಒಂದು ಗೀಟು ಎಳೆದರು. ಹನ್ನೆರಡು ವರ್ಷದ ರಾಜ್ಯ ಅಷ್ಟರಲ್ಲಿ ಮುಗಿಯಿತು, ಒಂದು ಹನಿ ಶಾಯಿ ಸಾಕಾಯಿತು.

ಈ ಸಲ ಪರದೆಯಲ್ಲಿ ಹೊಗೆ ಇರಲಿಲ್ಲ. ಉಸಿರು ಹಿಡಿ, ಬಿಡು ಎನ್ನುತ್ತ ಡಾಕ್ಟರು ಮುಕ್ಕಾಲು ತಾಸು ನೋಡಿದರು. ಕಪ್ಪು-ಬಿಳಿಯ ನಡುವೆ ಕೆಂಪು, ನೀಲಿ ಮಿನುಗಿದವು. ಒಂದು ಗುಂಡಿ ಒತ್ತಿದಾಗ ಕೋಣೆಯಲ್ಲಿ ರಕ್ತ ಓಡುವ ಸಪ್ಪಳವೇ ಕೇಳಿಸಿತು. ಬಲಗಡೆಯದು ಶ್‌... ಶ್‌... ಎಂದು ಸಮನಾಗಿತ್ತು. ಎಡಗಡೆ ಬಂದಾಗ ಅದು ಸಂದಿಯಲ್ಲಿ ನುಗ್ಗುವ ಗಾಳಿಯ ಹಾಗೆ ಭರ್ರೆಂದು ಸೀಟಿ ಹೊಡೆಯಿತು. ನಿರ್ಮಲಾ ಮಂಚದ ಕಂಬಿ ಹಿಡಿದಳು.

ಡಾಕ್ಟರು ಅವರಿಗೆ ತಿಳಿಯುವಂತೆ ಹೇಳಿದರು. ಕಬ್ಬಿನ ಹೊಲದಲ್ಲಿ ನೀರಿನ ಪೈಪಿನ ಬಾಯಿ ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ಹೇಗೆ ಚಿಮ್ಮುತ್ತದೆಯೋ ಹಾಗೆ. ಎಡಗಿಡ್ನಿಗೆ ಹೋಗುವ ನಾಳ ಒಂದು ಕಡೆ ಸಣ್ಣಗಾಗಿದೆ, ಅದರಿಂದ ಆ ಕಿಡ್ನಿ ಬಲಗಡೆಯದಕ್ಕಿಂತ ಸ್ವಲ್ಪ ಕುಗ್ಗಿದೆ. "ನಂಗ ರಕ್ತ ಸಾಲವಲ್ದು ಅಂತ ಅದು ಒದರತೈತಿ. ಅದರ ಒದರಾಟಕ್ಕ ಮೈಯಾಗಿನ ಬಿ.ಪಿ. ಎಲ್ಲಾ ಏರತೈತಿ. ಅದಕ್ಕ ಖರೇನ ತ್ರಾಸ ಐತ್ರಿ, ಸುಮ್ಮ ಒದರಾಕತ್ತಿಲ್ಲ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಂದರೆ ಎಲ್ಲರೂ ಹೊಳೆವ್ವನನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದರು.

ದೊಡ್ಡ ದವಾಖಾನೆಗೆ ಕಾಗದ ಕೊಟ್ಟರು. ತೊಡೆಯ ಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಅದರ ತುದಿಯ ಬಲೂನು ಉಬ್ಬಿಸಿ ನಾಳ ಅಗಲ ಮಾಡಿ ನೋಡುತ್ತಾರೆ, ಈ ವಯಸ್ಸಿನಲ್ಲೇ ಸಿಕ್ಕಿದ್ದು ಪುಣ್ಯ ಎಂದರು. ಹೊರಗೆ ಬಂದು ಪುನ್ನಿ ಎರಡು ಇಡ್ಲಿ ತಿಂದಿತು. ಹೊಳೆವ್ವ ಆರು ತಿಂದಳು.

ಆ ಸಂಜೆ ನಿರ್ಮಲಾ ಸಪ್ಪೆ ಸಾರನ್ನು ಪುನ್ನಿಯ ತಾಟಿಗೆ ಮಾತ್ರ ಹಾಕಿದಳು. ಅತ್ತೆಯ ತಾಟಿಗೆ ದೊಡ್ಡ ಪಾತ್ರೆಯಿಂದ, ಎಲ್ಲರಿಗೂ ಮಾಡಿದ ಉಪ್ಪಿನ ಸಾರು ಬಡಿಸಿದಳು. ಹೊಳೆವ್ವ ತಾಟು ನೋಡಿದಳು, ಸೊಸೆಯನ್ನು ನೋಡಿದಳು, ಕಲಸಿ ಉಂಡಳು. ಉಪ್ಪಿನಕಾಯಿ ಕೇಳಲಿಲ್ಲ.

ಮುಂದಿನ ತಿಂಗಳು ದೊಡ್ಡ ದವಾಖಾನೆಯಲ್ಲಿ ಪುನ್ನಿಗೆ ಬಲೂನು ಹಾಕಿದರು. ಮೂರನೆಯ ವಾರಕ್ಕೆ ಕಾಪಿ ವಹಿಯ ಅಂಕಿಗಳು ನೂರಾ ಹದಿನೈದರ ಹತ್ತಿರ ಬಂದು ನಿಂತವು. ತಲೆನೋವು ಹೋಯಿತು. ಹಲಗೆಯ ಅಕ್ಷರಗಳು ಕಾಣತೊಡಗಿದವು, ಮಗ್ಗಿ ಮಾತ್ರ ಇನ್ನೂ ಬರಲಿಲ್ಲ. ಆ ನಾಳ ಮತ್ತೆ ಸಣ್ಣಗಾಗಿಲ್ಲವೇ ಎಂದು ಆರು ತಿಂಗಳಿಗೊಮ್ಮೆ ದಾಂಡೇಲಿಯ ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಬರಬೇಕು.

ಒಂದು ದಿನ ಹೊಳೆವ್ವ ತನ್ನ ಗುಳಿಗೆಯ ಡಬ್ಬಿಯನ್ನು ಗಂಡನ ಮುಂದೆ ಇಟ್ಟು, ಇನ್ನು ಈ ಬಿ.ಪಿ. ಗುಳಿಗೆ ತರುವುದು ಬೇಡ ಎಂದಳು. ದ್ಯಾಮಪ್ಪ ಡಬ್ಬಿಯನ್ನು ಅವಳ ಕಡೆಗೇ ಸರಿಸಿದ. ಮುದಿ ಡಾಕ್ಟರು ಬರೆದುಕೊಟ್ಟದ್ದು ಮೊದಲಿಂದಲೂ ಕ್ಯಾಲ್ಸಿಯಂ, ತಾನು ಹನ್ನೆರಡು ವರ್ಷ ಅದನ್ನೇ ತಂದುಕೊಡುತ್ತಿದ್ದೇನೆ ಎಂದ.

"ಮತ್ತ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ. ನುಂಗು, ಅದು ಎಲುಬಿಗೆ ಚಲೋ."

ಹೊಳೆವ್ವ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ನುಂಗಿದಳು. ಆಮೇಲೆ ಏಳಲು ಹೋದವಳು ಅರ್ಧಕ್ಕೆ ನಿಂತು, ಎಡ ಮಂಡಿಯ ಮೇಲೆ ಕೈಯಿಟ್ಟು, ಹಾ ಎಂದಳು. ಈರೇಶ ಫ್ಯಾನಿನ ಕಡೆ ಓಡಿದ. ನಿರ್ಮಲಾ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು. ಮಂಡಿನೋವು ಅಳೆಯುವ ಮಷಿನು ಹಳಿಯಾಳಕ್ಕೆ ಇನ್ನೂ ಬಂದಿಲ್ಲ.